ಎಡ ಸೀಟಿನ ಬ್ರೇಕು

ಬಿ.ಸಿ.ರೋಡಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಚಿತ್ರಾ ಹನ್ನೊಂದು ವರ್ಷಗಳಿಂದ ಕಾರು ಕಲಿಸುತ್ತಿದ್ದಳು. ಕಲಿಯಲು ಬರುವ ಹೆಂಗಸರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅವಳು ಬೈಯುತ್ತಿರಲಿಲ್ಲ, ಗಾಬರಿಯಾದವರ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುತ್ತಲೂ ಇರಲಿಲ್ಲ. ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂರುವವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಚಿತ್ರಾಳ ಬಲಗಾಲು ಸದಾ ಅದರ ಮೇಲೇ ಇರುತ್ತಿತ್ತು.

ನುಸ್ರತ್ ಅವಳ ಬಳಿ ಸೇರಿದ್ದು ಆಗಸ್ಟಿನಲ್ಲಿ. ಗಂಡ ಸೌದಿಯ ದಮ್ಮಾಮಿನಲ್ಲಿದ್ದ. ಅತ್ತೆ ಅವ್ವಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸಿಗೆ ಕರೆದುಕೊಂಡು ಹೋಗಬೇಕಿತ್ತು. ಪ್ರತಿ ಸಲ ಯಾರದ್ದಾದರೂ ರಿಕ್ಷಾಕ್ಕೆ ಕಾದು ಕಾದು ಸಾಕಾಗಿ, ತಾನೇ ಕಾರು ಕಲಿಯುತ್ತೇನೆಂದು ಹಟ ಹಿಡಿದು ಬಂದವಳು. ಮೂವತ್ತೆಂಟರ ಹೆಂಗಸು, ಕಲಿಯುವುದು ನಿಧಾನ, ಆದರೆ ಒಮ್ಮೆ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಸೆಪ್ಟೆಂಬರ್ ಎರಡನೇ ವಾರದ ಒಂದು ಬೆಳಿಗ್ಗೆ ಚಿತ್ರಾ ಅವಳನ್ನು ಮೊದಲ ಬಾರಿಗೆ ಹೈವೇಗೆ ಕರೆದುಕೊಂಡು ಹೋದಳು.

ಕಲ್ಲಡ್ಕದ ಕಡೆ ಹೋಗುವಾಗ ಹೊಸದಾಗಿ ಮಾಡಿದ ಒಂದು ಸರ್ಕಲ್ ಸಿಗುತ್ತದೆ. ಸರ್ಕಲ್ ಸೇರುವ ಮೊದಲು ರಸ್ತೆಯಲ್ಲಿ ಎರಡು ಲೇನ್. ಮೊದಲು ಎರಡರಲ್ಲೂ ನೇರ ಹೋಗಬಹುದಿತ್ತು. ಆದರೆ ಸರ್ಕಲ್ ದಾಟಿದ ಮೇಲೆ ರಸ್ತೆ ಕಿರಿದಾಗಿ ಎರಡು ಗಾಡಿ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಜುಲೈಯಲ್ಲಿ ಯಾರೋ ಬಂದು ಎಡ ಲೇನಿನ ಹಳೆಯ ಬಾಣಕ್ಕೆ ಕಪ್ಪು ಬಣ್ಣ ಬಳಿದು, ಎಡಕ್ಕೆ ಮಾತ್ರ ತಿರುಗುವ ಹೊಸ ಬಾಣ ಬರೆದು ಹೋದರು. ಲಾರಿಗಳ ಚಕ್ರಕ್ಕೆ ಸಿಕ್ಕಿ ಕಪ್ಪು ಬಣ್ಣ ಒಂದು ತಿಂಗಳೂ ನಿಲ್ಲಲಿಲ್ಲ. ಈಗ ಅಲ್ಲಿ ಎರಡೂ ಬಾಣ ಕಾಣುತ್ತಿದ್ದವು, ಒಂದು ಎಡಕ್ಕೆ, ಒಂದು ನೇರಕ್ಕೆ. ಹೊಸದು ಯಾವುದೆಂದು ದಿನವೂ ಆ ದಾರಿಯಲ್ಲಿ ಹೋಗುವ ಚಿತ್ರಾಳಿಗೆ ಗೊತ್ತಿತ್ತು.

ನುಸ್ರತ್ ಬಲ ಲೇನಿನಲ್ಲಿ ಬಂದು, ಸರ್ಕಲ್ಲಿನ ಮುಂದೆ ನಿಂತು, ಬಲಗಡೆ ನೋಡಿ ಒಳಗೆ ಹೊಕ್ಕಳು. ಎಲ್ಲವೂ ಸರಿಯಾಗಿತ್ತು. ಆಗಲೇ ಎಡ ಲೇನಿನಿಂದ ಒಂದು ಹಳೆಯ ಸ್ಕೂಟರ್ ಒಳಗೆ ಬಂದು ಕಾರಿನ ಸಮಕ್ಕೆ ಸೇರಿತು. ಓಡಿಸುತ್ತಿದ್ದವನು ವಯಸ್ಸಾದ ಮನುಷ್ಯ, ಕಾಲ ಬಳಿ ಒಂದು ಸಿಮೆಂಟ್ ಚೀಲದಲ್ಲಿ ಕರಣೆ, ಮಟ್ಟಗೋಲು ಇಟ್ಟುಕೊಂಡಿದ್ದ. ಚಿತ್ರಾಳ ಕಿಟಕಿಯಿಂದ ಕೈ ಚಾಚಿದರೆ ಅವನ ಭುಜ ಮುಟ್ಟಬಹುದಿತ್ತು. ಅವನು ಒಮ್ಮೆ ತಿರುಗಿ ಅವಳ ಮುಖ ನೋಡಿದ.

"ಚಿತ್ರಕ್ಕ, ಹೋಗುವುದಾ?" ಎಂದು ನುಸ್ರತ್ ಕೇಳಿದಳು. ಅವಳ ಕಣ್ಣು ಬಲಗಡೆಯೇ ಇತ್ತು.

"ಹೋಗಿ, ನಮ್ಮದೇ ಲೇನ್," ಎಂದಳು ಚಿತ್ರಾ.

ಅವನು ಎಡಕ್ಕೆ ತಿರುಗಬೇಕಾದವನು, ಇಲ್ಲವಾದರೆ ನಿಲ್ಲಬೇಕಾದವನು ಎಂದು ಅವಳ ಮನಸ್ಸು ಹೇಳಿತ್ತು. ಅವನು ತಿರುಗಲೂ ಇಲ್ಲ, ನಿಲ್ಲಲೂ ಇಲ್ಲ. ರಸ್ತೆ ಕಿರಿದಾಗುವಲ್ಲಿ ಕಾರಿನ ಎಡ ಮೂಲೆ ಸ್ಕೂಟರಿನ ಹ್ಯಾಂಡಲಿಗೆ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಚಿತ್ರಾ ಬ್ರೇಕು ಒತ್ತಿದ್ದು ಆಮೇಲೆ. ಅಷ್ಟರಲ್ಲಿ ಅವನು ಕಾಂಕ್ರೀಟ್ ಅಂಚಿನ ಮೇಲೆ ಬಿದ್ದಾಗಿತ್ತು. ಹೆಲ್ಮೆಟ್ ಕಳಚಿಕೊಂಡು ದೂರ ಉರುಳಿತ್ತು.

ಅವನ ಹೆಸರು ಕೂಸಪ್ಪ. ಬೆಳ್ತಂಗಡಿ ಹತ್ತಿರ ಲಾಯಿಲದವನು, ಕೆಂಪುಕಲ್ಲು ಕಟ್ಟುವ ಮೇಸ್ತ್ರಿ. ಕಲ್ಲಡ್ಕದಲ್ಲಿ ಒಂದು ಮನೆಯ ಕೆಲಸಕ್ಕೆ ಒಂದು ವರ್ಷದಿಂದ ಅದೇ ದಾರಿಯಲ್ಲಿ, ಅದೇ ಎಡ ಲೇನಿನಲ್ಲಿ ಹೋಗುತ್ತಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಅದೇ ಸಂಜೆ ತೀರಿಕೊಂಡ.

ಪೊಲೀಸರು ಇಬ್ಬರು ಹೆಂಗಸರ ಮೇಲೂ ಕೇಸು ದಾಖಲಿಸಿದರು. ಮರುದಿನವೇ ಆ ಎರಡು ಬಾಣಗಳ ಫೋಟೋ ಊರಿನ ಎಲ್ಲ ಮೊಬೈಲುಗಳಲ್ಲಿ ಓಡಾಡಿತು. ಸರ್ಕಲ್ಲಿನ ಬಳಿ ಜನ ಸೇರಿ ಪ್ರತಿಭಟನೆ ಮಾಡಿದರು. ಡ್ರೈವಿಂಗ್ ಸ್ಕೂಲಿನ ಯಜಮಾನ ಲೋಕನಾಥ ಆ ಫೋಟೋ ಹಿಡಿದುಕೊಂಡು ಚಿತ್ರಾಳ ಮನೆಗೆ ಬಂದ.

"ನೀವು ಎಂತದೂ ಹೆದರುವುದು ಬೇಡ," ಎಂದ. "ತಪ್ಪು ರಸ್ತೆಯವರದ್ದು. ಸ್ಟೇಶನಿಗೆ ಕರೆದಾಗ ಎರಡೇ ಮಾತು ಹೇಳಿ. ಬಾಣದಿಂದ ಕನ್‌ಫ್ಯೂಸ್ ಆಯಿತು, ಸ್ಕೂಟರ್ ಕಾಣಲಿಲ್ಲ. ಅಷ್ಟು ಸಾಕು. ವಕೀಲರನ್ನು ನಾನು ಮಾತಾಡಿಸಿದ್ದೇನೆ."

"ಬಾಣದ್ದು ಸರಿ," ಎಂದಳು ಚಿತ್ರಾ.

"ಮತ್ತೆಂತ?"

ಅವಳು ಚಹಾ ಮಾಡಲು ಎದ್ದು ಒಳಗೆ ಹೋದಳು.

ನುಸ್ರತ್ ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದಳು. ಪ್ರತಿ ಸಲವೂ ಅದೇ ಪ್ರಶ್ನೆ. "ಚಿತ್ರಕ್ಕ, ನಾನು ಎಡ ಕನ್ನಡಿ ನೋಡ್ಬೇಕಿತ್ತಲ್ಲ? ನೀವು ಎಷ್ಟು ಸಲ ಹೇಳಿಕೊಟ್ಟಿದ್ದೀರಿ."

"ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ಅವರು ಇರಲಿಲ್ಲ, ನುಸ್ರತ್. ನಿಮ್ಮ ತಪ್ಪಲ್ಲ."

"ಒಬ್ಬರ ಜೀವ ಹೋಯಿತಲ್ಲ. ನನ್ನ ಕೈಯಲ್ಲಿ ತಾನೇ ಹೋದದ್ದು?"

ಅವರನ್ನು ನಾನು ನೋಡಿದ್ದೆ ಎಂದು ಚಿತ್ರಾ ಒಮ್ಮೆಯೂ ಹೇಳಲಿಲ್ಲ. ನಾಳೆ ಹೇಳುವ ಎಂದುಕೊಂಡು ಫೋನ್ ಇಡುತ್ತಿದ್ದಳು.

ಎಂಟನೇ ದಿನ ಅವಳು ಒಬ್ಬಳೇ ಆ ಸರ್ಕಲ್ಲಿಗೆ ಹೋಗಿ ರಸ್ತೆಬದಿಯ ಮೋರಿಯ ಮೇಲೆ ಕುಳಿತಳು. ಎಡ ಲೇನಿನಲ್ಲಿ ಬಂದ ಬೈಕು, ರಿಕ್ಷಾಗಳಲ್ಲಿ ಎಷ್ಟೋ ಮಂದಿ ನೇರವೇ ಹೋಗುತ್ತಿದ್ದರು. ಹಾಗೆ ಹೋದ ಒಂದು ಬೈಕು, ಬಲ ಲೇನಿನಲ್ಲಿ ಬಂದ ಒಂದು ಖಾಸಗಿ ಬಸ್ಸಿನ ಮೂತಿಗೆ ಅಡ್ಡವಾಯಿತು. ಬಸ್ಸಿನವನು ಬ್ರೇಕು ಹಾಕಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಕಿನವನಿಗೆ ಸರಿಯಾಗಿ ಬೈದ, ಅವನು ಹೋದ ಮೇಲೆ ತಾನೂ ಹೋದ. ಇಷ್ಟೇ ನಡೆದದ್ದು. ಚಿತ್ರಾ ತುಂಬ ಹೊತ್ತು ಅಲ್ಲಿಂದ ಏಳಲಿಲ್ಲ.

ಹನ್ನೊಂದನೇ ದಿನ ಬಸ್ಸು ಹತ್ತಿ ಲಾಯಿಲಕ್ಕೆ ಹೋದಳು. ಕೂಸಪ್ಪನ ಮಗಳು ಹರಿಣಾಕ್ಷಿ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಚಿತ್ರಾ ಯಾರೆಂದು ತಿಳಿದ ಮೇಲೂ ಕುಳಿತುಕೊಳ್ಳಿ ಎಂದಳು.

"ಒಂದು ವಿಷಯ ಕೇಳ್ತೇನೆ," ಎಂದಳು ಹರಿಣಾಕ್ಷಿ. "ಪೊಲೀಸರು ಅಪ್ಪ ತಪ್ಪು ಲೇನಲ್ಲಿ ಇದ್ರು ಅಂತಾರೆ. ಬಾಣ ನೋಡಿ ಹೋದವರು ಹೇಗೆ ತಪ್ಪು? ಅವರು ಕುಡಿಯುವವರಲ್ಲ, ಜೋರು ಓಡಿಸುವವರೂ ಅಲ್ಲ."

"ಅವರ ಲೇನಲ್ಲಿ ಎರಡು ಬಾಣ ಉಂಟು. ಹಳೆಯದನ್ನು ನೋಡಿದ್ರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ." ಚಿತ್ರಾ ಮುಂದುವರಿಸಿದಳು. "ನಾನು ಅವರನ್ನು ನೋಡಿದೆ. ಕಾರು ಓಡಿಸ್ತಿದ್ದವರಿಗೆ ಅವರು ಕಾಣ್ತಿರಲಿಲ್ಲ, ನನಗೆ ಕಾಣ್ತಿತ್ತು. ನನ್ನ ಕಾಲ ಕೆಳಗೆ ಬ್ರೇಕು ಇತ್ತು. ನಮ್ಮದು ಸರಿ, ಅವರು ನಿಲ್ತಾರೆ ಅಂದುಕೊಂಡೆ. ಹೋಗಿ ಅಂತ ಹೇಳಿದವಳು ನಾನೇ."

ಹರಿಣಾಕ್ಷಿಯ ಕತ್ತರಿ ನಿಂತಿತು. ಅವಳು ಅಳಲಿಲ್ಲ.

"ಅಪ್ಪ ನಿಮ್ಮನ್ನು ನೋಡಿದ್ರಾ?"

"ನೋಡಿದ್ರು."

"ಹಾಗಾದ್ರೆ ನೀವು ದಾರಿ ಬಿಡ್ತೀರಿ ಅಂತ ಅವರೂ ಅಂದುಕೊಂಡಿರಬೇಕು," ಎಂದಳು ಹರಿಣಾಕ್ಷಿ. ಆಮೇಲೆ ಎದ್ದು ನಿಂತು, "ಹೇಳಿ ಆಯ್ತಲ್ಲ, ಇನ್ನು ಹೋಗಿ," ಎಂದು ಒಳಗೆ ಹೋದಳು.

ಮರುದಿನ ಚಿತ್ರಾ ಸ್ಟೇಶನಿಗೆ ಹೋದಾಗ ಹೇಳಿಕೆ ಟೈಪಾಗಿ ತಯಾರಿತ್ತು. ಲೋಕನಾಥ ಹೇಳಿಕೊಟ್ಟ ಎರಡು ಮಾತು ಅದರಲ್ಲಿದ್ದವು. ಅವಳು 'ಕಾಣಲಿಲ್ಲ' ಎಂಬಲ್ಲಿ ಬೆರಳಿಟ್ಟು, 'ಕಂಡಿತ್ತು' ಎಂದು ಬರೆಯಿರಿ ಎಂದಳು.

ಎಸ್‌ಐ ಅವಳನ್ನೇ ನೋಡಿದ. "ಹಾಗೆ ಬರೆದ್ರೆ ಇಡೀ ಕೇಸು ನಿಮ್ಮ ಒಬ್ಬರ ಮೇಲೆ ಬರ್ತದೆ ಮೇಡಂ. ಮನೆಯಲ್ಲಿ ಕೇಳಿದ್ದೀರಾ?"

"ಇಲ್ಲ ಸರ್. ಬರೆಯಿರಿ. ಬಾಣದ್ದೂ ಬರೆಯಿರಿ. ಎರಡೂ ಹೌದು."

ನುಸ್ರತಳ ಹೆಸರು ಆರೋಪಿಯ ಜಾಗದಿಂದ ಸಾಕ್ಷಿಯ ಪಟ್ಟಿಗೆ ಹೋಯಿತು. ಸುದ್ದಿ ಕೇಳಿ ಆಕೆ ಅದೇ ಸಂಜೆ ಚಿತ್ರಾಳ ಮನೆಗೆ ಬಂದಳು. ಹನ್ನೆರಡು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಾಗಿಲಿನಿಂದ ಒಳಗೆ ಬರಲಿಲ್ಲ.

"ದಿನಾ ಫೋನ್ ಮಾಡಿ ಕೇಳ್ತಿದ್ದೆ," ಎಂದಳು. ಧ್ವನಿ ಏರಲಿಲ್ಲ. "ಒಂದು ದಿನ ಹೇಳ್ಬಹುದಿತ್ತು. ನನ್ನ ಮಕ್ಕಳ ತಲೆ ಮುಟ್ಟಲಿಕ್ಕೆ ನನಗೆ ಹೆದರಿಕೆ ಆಗ್ತಿತ್ತು ಚಿತ್ರಕ್ಕ."

"ನನಗೆ ಧೈರ್ಯ ಇರಲಿಲ್ಲ."

"ಪೊಲೀಸರಿಗೆ ಹೇಳಲಿಕ್ಕೆ ಇತ್ತಲ್ಲ."

ನುಸ್ರತ್ ಹೊರಟುಹೋದಳು. ಮತ್ತೆ ಫೋನ್ ಮಾಡಲಿಲ್ಲ.

ಲೋಕನಾಥ ಚಿತ್ರಾಳನ್ನು ಕೆಲಸದಿಂದ ತೆಗೆದ. ಅವಳ ಲೈಸೆನ್ಸು ಅಮಾನತಾಯಿತು. ಅದನ್ನೆಲ್ಲ ಅವಳು ನಿರೀಕ್ಷಿಸಿದ್ದಳು. ನಿರೀಕ್ಷಿಸದೆ ಇದ್ದದ್ದು ಆಮೇಲೆ ನಡೆಯಿತು. ಕಲಿಸುವವಳೇ ಒಪ್ಪಿಕೊಂಡಿದ್ದಾಳಲ್ಲ, ಇನ್ನು ಬಾಣದ ಮಾತೇಕೆ ಎಂದು ಪ್ರತಿಭಟನೆಯವರು ಚದುರಿದರು. ರಸ್ತೆಯ ತನಿಖೆಗೆಂದು ಬಂದವರು ಚಾಲಕರ ನಿರ್ಲಕ್ಷ್ಯವೆಂದು ವರದಿ ಬರೆದು ಕಡತ ಮುಚ್ಚಿದರು. ಹಳೆಯ ಬಾಣ ಅಲ್ಲೇ ಉಳಿಯಿತು.

ಅದನ್ನು ಅಳಿಸಬೇಕೆಂದು ಚಿತ್ರಾ ಅರ್ಜಿ ಬರೆದುಕೊಂಡು ಹೆದ್ದಾರಿ ಇಲಾಖೆಯ ಕಚೇರಿಗೆ ಮೂರು ಸಲ ಹೋದಳು. ಮೂರನೇ ಸಲ ಅಲ್ಲಿದ್ದ ಅಧಿಕಾರಿ, "ನೋಡಿಯೂ ಗುದ್ದಿದವರು ನೀವೇ ಅಲ್ಲವಾ? ಬಾಣ ಎಂತ ಮಾಡ್ತದೆ?" ಎಂದ.

"ನಾನು ನಿಲ್ಲಿಸಬೇಕಿತ್ತು, ಹೌದು," ಎಂದಳು ಚಿತ್ರಾ. "ನಾಳೆ ಬರುವವನೂ ನಿಲ್ಲಿಸದಿದ್ರೆ?"

ಅವನು ಅರ್ಜಿಗೆ ಸೀಲು ಹಾಕಿ ಪ್ರತಿಯನ್ನು ವಾಪಸು ಕೊಟ್ಟ.

ನವೆಂಬರಿನಲ್ಲಿ ಅದೇ ಜಾಗದಲ್ಲಿ ಒಂದು ಪಿಕಪ್ ವ್ಯಾನು ಒಂದು ರಿಕ್ಷಾಕ್ಕೆ ಗುದ್ದಿತು. ರಿಕ್ಷಾದಲ್ಲಿದ್ದ ನರ್ಸಿಂಗ್ ಓದುವ ಹುಡುಗಿಯೊಬ್ಬಳ ಕಾಲು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅದಾಗಿ ನಾಲ್ಕೇ ದಿನಕ್ಕೆ ಕೆಲಸದವರು ಬಂದು ಯಂತ್ರದಿಂದ ಹಳೆಯ ಬಾಣವನ್ನು ಪೂರ್ತಿ ಉಜ್ಜಿ ತೆಗೆದರು.

ಫೆಬ್ರವರಿಯಲ್ಲಿ ಬಂಟ್ವಾಳದ ಕೋರ್ಟಿನಲ್ಲಿ ಕೇಸು ಮೊದಲ ಸಲ ವಿಚಾರಣೆಗೆ ಬಂತು. ಹರಿಣಾಕ್ಷಿ ಬಂದಿದ್ದಳು, ವರಾಂಡದ ಬೆಂಚಿನಲ್ಲಿ ಇನ್ನೊಂದು ತುದಿಗೆ ಕುಳಿತಳು. ಚಿತ್ರಾಳ ವಕೀಲರು ಅವಳ ಬಳಿ ಬಗ್ಗಿ, ತಪ್ಪೊಪ್ಪಿಕೊಳ್ಳಬೇಡಿ, ಬಾಣದ ಮೇಲೆ ವಾದ ಮಾಡುವ, ಗೆಲ್ಲಬಹುದು ಎಂದರು. ಒಳಗೆ ನ್ಯಾಯಾಧೀಶರು ಆರೋಪ ಓದಿಸಿ, ಒಪ್ಪುತ್ತೀರಾ ಎಂದು ಕೇಳಿದರು.

ಒಪ್ಪುತ್ತೇನೆ ಎಂದಳು ಚಿತ್ರಾ. ಶಿಕ್ಷೆ ಹೇಳಲು ಅವರು ಮುಂದಿನ ತಿಂಗಳ ತಾರೀಕು ಕೊಟ್ಟರು.