ಗಂಡ ಬಾಯಿ ಮುಚ್ಚಿಕೊಂಡ ವಾರ

ತರಕಾರಿಯವನು ಕೇಳಿದ್ದು ಹೆಂಡತಿಯನ್ನು, ಉತ್ತರ ಬಂದದ್ದು ಗಂಡನ ಬಾಯಿಂದ.

"ಈರುಳ್ಳಿ ಎರಡು ಕಿಲೋ, ಟೊಮೆಟೊ ಒಂದು ಕಿಲೋ. ಮೆತ್ತಗಿರೋದು ಹಾಕ್ಬೇಡಿ."

ಹೆಂಡತಿ ಚೀಲದ ಬಾಯಿ ಅಗಲಿಸಿ ಹಿಡಿದು ಸುಮ್ಮನೆ ನಿಂತಳು. ಈ ಪರದೇಶಕ್ಕೆ ಅವಳು ಬಂದು ಎರಡು ವರ್ಷವಾಗಿತ್ತು. ತರಕಾರಿ ಅಂಗಡಿ, ಆಸ್ಪತ್ರೆ, ಮಗಳ ಶಾಲೆ, ಎಲ್ಲೇ ಹೋದರೂ ಅವಳ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ. ಕೆಟ್ಟವನೇನಲ್ಲ, ಪಾಪ. ಅವಳಿಗಿಂತ ಆರು ವರ್ಷ ಮೊದಲೇ ಬಂದು ನಗರದ ಬಸ್ಸು ಓಡಿಸುತ್ತಿದ್ದವನು. ಇಲ್ಲಿನ ಭಾಷೆ ಅವನಿಗೆ ನೀರು ಕುಡಿದಷ್ಟು ಸಲೀಸು. ಹೆಂಡತಿ ಒಂದು ಮಾತಿಗೆ ತಡವರಿಸಿದರೂ ಅವನ ಕೈಲಿ ನೋಡಿಕೊಂಡಿರಲು ಆಗುತ್ತಿರಲಿಲ್ಲ.

ಹಾಗಂತ ಕಲಿಸಲಿಲ್ಲವೇ? ಕಲಿಸಿದ, ಚೆನ್ನಾಗಿಯೇ ಕಲಿಸಿದ! ದಿನಾ ಸಂಜೆ ದಪ್ಪನೆಯ ವ್ಯಾಕರಣದ ಪುಸ್ತಕ ತೆರೆದು, ಪುಟಗಟ್ಟಲೆ ಬಾಯಿಪಾಠ ಮಾಡಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದ. ಅರ್ಧ ಅಂಕವನ್ನೂ ಬಿಟ್ಟುಕೊಡುತ್ತಿರಲಿಲ್ಲ ಮಹಾನುಭಾವ. ಅವಳು ಒಂದು ವಾಕ್ಯ ಶುರು ಮಾಡಿದರೆ ಮೂರನೆಯ ಪದಕ್ಕೇ "ಅದು ಹಾಗಲ್ಲ" ಎನ್ನುವನು. ನಾಲ್ಕನೆಯ ಪದ ಅವಳ ಗಂಟಲಲ್ಲೇ ಉಳಿಯುವುದು.

ಅವಳು ಕೆಲಸ ಮಾಡುತ್ತಿದ್ದದ್ದು ಬಟ್ಟೆಗಳನ್ನು ಅಳತೆಗೆ ಸರಿಮಾಡಿ ಕೊಡುವ ಒಂದು ಹೊಲಿಗೆ ಅಂಗಡಿಯಲ್ಲಿ. ಮಷೀನು ಹಿಂದಿನ ಕೋಣೆಯಲ್ಲಿತ್ತು, ನಡುವೆ ಒಂದು ಪರದೆ ಅಷ್ಟೇ. ಮುಂದುಗಡೆ ಗಿರಾಕಿಗಳು ಆಡುವ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. "ಸೊಂಟದ ಹತ್ರ ಬಿಗಿ ಆಗ್ತಿದೆ", "ಎರಡು ಬೆರಳು ಗಿಡ್ಡ ಮಾಡಿ", "ಯಾವಾಗ ಸಿಗುತ್ತೆ?" ಇಂಥವನ್ನು ಅವಳು ತನ್ನ ಲಿಪಿಯಲ್ಲೇ ಚೀಟಿಯ ಮೇಲೆ ಇಡೀ ವಾಕ್ಯವಾಗಿ ಗೀಚಿಕೊಳ್ಳುತ್ತಿದ್ದಳು. ಇಸ್ತ್ರಿ ಮಾಡುವಾಗ ಗಿರಾಕಿಗಳ ಧಾಟಿಯಲ್ಲೇ, ಅದೇ ಏರಿಳಿತದಲ್ಲಿ, ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಯಾವತ್ತೂ ಅಂಕ ಹಾಕಲಿಲ್ಲ.

ಅದನ್ನು ಅಂಗಡಿಯ ಯಜಮಾನಿ ಕೇಳಿಸಿಕೊಂಡಿದ್ದಳು. ವಯಸ್ಸಾದ ಹೆಂಗಸು, ಮಾತು ಮಾತ್ರ ಕಡ್ಡಿ ಮುರಿದಂತೆ. ಕೌಂಟರಿನ ಹುಡುಗಿ ಕೆಲಸ ಬಿಟ್ಟ ದಿನ ಇವಳನ್ನು ಕರೆದು, "ನಿನ್ನ ಕೈಕೆಲಸ ನಂಗೆ ಗೊತ್ತು. ಒಂದು ವಾರ ಕೌಂಟರಲ್ಲಿ ನಿಲ್ಲು. ಸರಿಹೋದ್ರೆ ಆ ಜಾಗ ನಿಂದೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದಳು.

ಎರಡು ವರ್ಷ ಗೋಡೆಯ ಮುಖ ನೋಡಿಕೊಂಡು ಹೊಲಿದು ಅವಳಿಗೆ ಸಾಕುಸಾಕಾಗಿತ್ತು. ಮನುಷ್ಯರ ಮುಖ ನೋಡುವ ಆ ಜಾಗ ಅವಳಿಗೆ ಬೇಕೇ ಬೇಕಿತ್ತು.

ಸೋಮವಾರ, ಮಂಗಳವಾರ ಹೇಗೋ ತಡಬಡಾಯಿಸಿಕೊಂಡು ದಾಟಿದವು. ಬುಧವಾರ ಸಂಜೆ ಪಾಳಿ ಮುಗಿಸಿದ ಗಂಡ ಸೀದಾ ಅಂಗಡಿಗೇ ಬಂದು ಕುರ್ಚಿಯಲ್ಲಿ ಕೂತ. ಪ್ಯಾಂಟು ತಂದಿದ್ದ ಗಿರಾಕಿಗೆ ಅವಳು "ಎಷ್ಟು... ಉದ್ದ..." ಎನ್ನುವಷ್ಟರಲ್ಲಿ, ಅವನು ಕೂತಲ್ಲಿಂದಲೇ ಉದ್ದ, ಅಗಲ, ಕೊಡುವ ದಿನ ಎಲ್ಲವನ್ನೂ ಮಾತಾಡಿ ಮುಗಿಸಿದ. ಗಿರಾಕಿ ಅವಳ ಕಡೆ ತಿರುಗಿಯೂ ನೋಡದೆ ಹೋದ.

ಯಜಮಾನಿ ಕನ್ನಡಕದ ಮೇಲಿಂದ ನೋಡಿದಳು. "ನಾನು ಕೌಂಟರಿಗೆ ಒಬ್ಬರನ್ನ ಹುಡುಕ್ತಿದ್ದೆ. ನೀನು ಇಬ್ಬರನ್ನ ತಂದಿದ್ದೀಯ. ಯಾರಿಗಮ್ಮ ಕೊಡ್ಲಿ ಕೆಲಸ?"

ಗಂಡ ತಮಾಷೆಯೆಂದುಕೊಂಡು ನಕ್ಕ. ಹೆಂಡತಿ ನಗಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದಳು. "ರೀ, ನಂಗೇನು ಬಾಯಿಲ್ವಾ?"

"ನಿನ್ನ ನೋಡಿ ಯಾರಾದ್ರೂ ನಕ್ರೆ ನನ್ನ ಕೈಲಿ ತಡ್ಕೊಳೋಕೆ ಆಗಲ್ಲ ಕಣೇ," ಎಂದ ಅವನು. "ಹೊಸದರಲ್ಲಿ ನಾನು ಪಟ್ಟ ಪಾಡು ನಿಂಗೇನು ಗೊತ್ತು? ಸ್ಟಾಪಿನ ಹೆಸರು ಕೂಗಿದ್ರೆ ಇಡೀ ಬಸ್ಸೇ ನಗೋದು. ದಾರಿ ಕೇಳಿದ ಮುದುಕಪ್ಪನ್ನ ಎಡಕ್ಕೆ ಅನ್ನೋ ಬದಲು ಬಲಕ್ಕೆ ಅಂತ ಕಳಿಸ್ಬಿಟ್ಟೆ. ಅವನು ಮಾರನೇ ದಿನ ಹುಡುಕ್ಕೊಂಡು ಬಂದು ಉಗಿದ!"

"ಆಮೇಲೆ?"

"ಆಮೇಲೇನು, ಅವತ್ತಿಂದ ಎಡ ಬಲ ತಪ್ಪಲಿಲ್ಲ."

"ಯಾವ ಪುಸ್ತಕ ಓದಿ ಕಲಿತ್ರಿ?"

ಅವನು ಮೇಜಿನ ಮೇಲಿದ್ದ ವ್ಯಾಕರಣದ ಪುಸ್ತಕದ ಕಡೆ ನೋಡಿದ.

"ಆ ದಪ್ಪ ಪುಸ್ತಕ ಆಗ ಇತ್ತಾ ನಿಮ್ಮ ಹತ್ರ?"

"ಇಲ್ಲ. ಅದನ್ನ ತಗೊಂಡಿದ್ದೇ ನಿನಗೋಸ್ಕರ."

"ನಿಮಗೆ ಸಿಕ್ಕ ಬಸ್ಸು ನಂಗೂ ಸಿಗಲಿ ಬಿಡ್ರೀ. ನಗೋರು ನಗ್ಲಿ," ಎಂದಳು.

ಅವನು ಎದ್ದು ಹೋಗಿ, ಬೇಕಾದ್ದಕ್ಕಿಂತ ಜೋರಾಗಿ ಪಾತ್ರೆ ತೊಳೆದ. ಅವತ್ತು ಪುಸ್ತಕ ತೆರೆಯಲಿಲ್ಲ.

ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದು ಕುರ್ಚಿಯಲ್ಲಿ ಕೂತ. ಅದೇ ಸಮಯಕ್ಕೆ ಒಬ್ಬ ಗಿರಾಕಿ ಕೋಟು ಹಿಡಿದು ದುಮುದುಮು ಎಂದು ಒಳಗೆ ನುಗ್ಗಿದ. ತೋಳು ಗಿಡ್ಡವಾಗಿದೆ, ಕೋಟು ಹಾಳಾಯಿತು ಎಂದು ಉಸಿರು ಬಿಡದೆ ಒದರತೊಡಗಿದ. ಗಂಡನಿಗೆ ಒಂದೊಂದು ಪದವೂ ಅರ್ಥವಾಯಿತು. ಕೊಡಬೇಕಾದ ಉತ್ತರ ನಾಲಿಗೆಯ ತುದಿಗೇ ಬಂದು ಕೂತಿತ್ತು. ಆದರೆ ಮೂಲೆಯಲ್ಲಿ ಯಜಮಾನಿ ನೋಡುತ್ತಿದ್ದಳು. ತಾನು ಬಾಯಿ ಹಾಕಿದರೆ ಇವಳ ಕೆಲಸ ಹೋದಂತೆಯೇ. ಅಲ್ಲೇ ಕೂತರೆ ಬಾಯಿ ಸುಮ್ಮನಿರುವ ಭರವಸೆ ಅವನಿಗೇ ಇರಲಿಲ್ಲ. ಸರಕ್ಕನೆ ಎದ್ದು ಬೀದಿಗೆ ಬಂದುಬಿಟ್ಟ.

ಹೊರಗಿನಿಂದ ಗಾಜಿನ ಮೂಲಕ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಹೆಂಡತಿ ಕೈ ಎತ್ತಿ ಏನೋ ಹೇಳಿದಳು. ಆ ಮನುಷ್ಯ ನಿಲ್ಲಿಸಿ, ಮತ್ತೆ ಮೊದಲಿನಿಂದ, ಈ ಸಲ ನಿಧಾನವಾಗಿ ಹೇಳಿದ. ಅವಳು ಕೋಟು ತೊಡಿಸಿ, ತೋಳಿನ ಅಂಚು ತಿರುವಿ ಒಳಗಿನದನ್ನು ತೋರಿಸಿದಳು. ಮಾತು ನಡುವೆ ಸಿಕ್ಕಿಕೊಂಡಿತು. ಇಲ್ಲಿ ಬೀದಿಯಲ್ಲಿ ನಿಂತ ಗಂಡನ ತುಟಿ ತಾನಾಗಿಯೇ ಅಲ್ಲಾಡಿತು. ಗಿರಾಕಿ ಕಾದ. ಅವಳು ಮಾತು ಮುಗಿಸಿದಳು. ಇದ್ದಕ್ಕಿದ್ದ ಹಾಗೆ ಗಿರಾಕಿ ಬಾಯ್ತುಂಬ ನಕ್ಕ. ಗಂಡನ ಮುಷ್ಟಿ ಬಿಗಿಯಿತು. ನೋಡಿದರೆ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ! ಅವಳು ಪರರ ಜೊತೆ ಹಾಗೆ ನಕ್ಕದ್ದನ್ನು ಈ ಊರಿನಲ್ಲಿ ಅವನು ನೋಡಿಯೇ ಇರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿತು.

ಗಿರಾಕಿ ಹೋದ ಮೇಲೆ ಒಳಗೆ ಬಂದು ಕೇಳಿದ. "ಏನಂದೆ ಅವನಿಗೆ?"

"ಒಳಗೆ ಬಟ್ಟೆ ಮಡಚಿದೆ, ಬಿಚ್ಚಿ ಉದ್ದ ಮಾಡ್ಕೊಡ್ತೀನಿ ಅಂದೆ. ಬರೋ ಮಂಗಳವಾರ ಬನ್ನಿ ಅನ್ನೋಕೆ ಹೋಗಿ, ಹೋದ ಮಂಗಳವಾರ ಬನ್ನಿ ಅಂದ್ಬಿಟ್ಟೆ. 'ಅವತ್ತು ನಂಗೆ ಬಿಡುವಿರಲಿಲ್ಲ ತಾಯಿ' ಅಂದ್ರು!" ಅವಳಿಗೆ ಮತ್ತೆ ನಗು ಉಕ್ಕಿತು. "ಇನ್ನು ಸಾಯೋವರೆಗೂ ಮರೆಯಲ್ಲ."

ಯಜಮಾನಿ ಕನ್ನಡಕ ತೆಗೆದು, ಬೇಕೆಂತಲೇ ಗಂಡನ ಕಡೆ ತಿರುಗಿದಳು. "ಏನಪ್ಪಾ, ಇನ್ಮೇಲೆ ಕೌಂಟರು ನಿನ್ನ ಹೆಂಡತಿದೇ. ಸೋಮವಾರದಿಂದ ಬಾಗಿಲು ತೆಗೆಯೋಕೆ ಅರ್ಧ ಗಂಟೆ ಮುಂಚೆ ಬರ್ಬೇಕು. ಆಗುತ್ತಾ ಅವಳಿಗೆ?"

ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ದಿನಾ ಆ ಹೊತ್ತಿಗೆ ಮಗಳನ್ನು ಶಾಲೆಗೆ ಬಿಡುವವಳು ಅವಳೇ. ಬಾಯಿ ತೆರೆದ. ಮುಚ್ಚಿದ.

"ಅವಳನ್ನೇ ಕೇಳಿ," ಎಂದ.

ಅವಳು ಗಡಿಯಾರ ನೋಡಿದಳು, ಮನಸ್ಸಿನಲ್ಲೇ ಪದಗಳನ್ನು ಜೋಡಿಸಿದಳು. ಸುಮಾರು ಹೊತ್ತು ಹಿಡಿಯಿತು. ಇಬ್ಬರೂ ಕಾದರು.

"ಬರ್ತೀನಿ," ಎಂದಳು ಅವಳು ಆ ಊರಿನ ಭಾಷೆಯಲ್ಲಿ. "ಮಗಳನ್ನ ಶಾಲೆಗೆ ಇವರು ಬಿಡ್ತಾರೆ."

ಗಂಡ ಕಮಕ್ ಕಿಮಕ್ ಎನ್ನದೆ ತಲೆಯಾಡಿಸಿದ.