ಹಲಗೆಯ ಮೇಲೆ ಒಬ್ಬ ಹೆಚ್ಚು

ಅಜ್ಜಿಯ ಕತೆಗಳಲ್ಲಿ ಸೆರೆಮನೆಗೆ ಏಳು ಬಾಗಿಲು, ಒಂದೊಂದಕ್ಕೂ ಸರ್ಪಗಾವಲು. ನಮ್ಮೂರ ಜೈಲಿಗಿದ್ದದ್ದು ಒಂದೇ ಗೇಟು, ಪಕ್ಕದಲ್ಲೊಂದು ಕರಿಹಲಗೆ. ದಿನಾ ಬೆಳಿಗ್ಗೆ ಅದರ ಮೇಲೆ ನಾಲ್ಕು ಸಾಲು: ನಿನ್ನೆ ಇದ್ದವರು, ಬಂದವರು, ಬಿಡುಗಡೆಯಾದವರು, ಇಂದು ಇರುವವರು. ಸಂಜೆಗೆ ಒರೆಸಿಬಿಡುತ್ತಿದ್ದರು. ಅಷ್ಟರೊಳಗೆ ಬರೆದುಕೊಂಡು, ಯಾರು ಬೇಕಾದರೂ ನೋಡುವಂತೆ ವೆಬ್‌ಸೈಟಿಗೆ ಹಾಕುವವಳು ನನ್ನ ದೊಡ್ಡಮ್ಮ. ಯಾರೂ ಹೇಳಿದ್ದಲ್ಲ. ಹವಾಮಾನ ಕಚೇರಿಯಲ್ಲಿ ಮೂವತ್ತು ವರ್ಷ ಮಳೆ ಅಳೆದ ಕೈ; ಸುಮ್ಮನೆ ಕೂರದು.

ಅವಳ ಮಂಡಿ ಊದಿಕೊಂಡ ವಾರ ನಾನು ಹೋದೆ. ಮಂಗಳವಾರ ಹಲಗೆಯಲ್ಲಿ 412, 6, 9, ಕೊನೆಗೆ 410. ಕೂಡಿ ಕಳೆದರೆ 409 ಬರಬೇಕು. ಪಾಪ, ಬರೆದವನಿಗೆ ನಿದ್ದೆಗಣ್ಣು ಎಂದುಕೊಂಡು ಅಲ್ಲೇ ನಿಂತು ಫೋನಿನಲ್ಲಿ 409 ಎಂದೇ ಹಾಕಿದೆ.

ಗೇಟಿನಲ್ಲಿ ನಮ್ಮ ಬೀದಿಯ ಇಸ್ತ್ರಿ ಅಕ್ಕ ಕಾವಲಿನವನನ್ನು ಅಂಗಲಾಚುತ್ತಿದ್ದಳು.

"ನಿನ್ ಗಂಡನ್ನ ನಿನ್ನೇನೇ ಬಿಟ್ಟಾಯ್ತಮ್ಮ, ರಿಜಿಸ್ಟರಲ್ಲಿದೆ. ಮನೆಗೆ ಬರದಿದ್ರೆ ನಾವೇನ್ ಮಾಡೋಣ?"

"ಇನ್ಯಾವ ಮನೆ ಹುಡುಕ್ಕೊಂಡನೋ!" ಭೇಟಿಗೆ ನಿಂತವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನ ಮುಖ ಸಣ್ಣದಾಯಿತು.

ಮನೆಗೆ ಬಂದು ಗೇಟಿನಲ್ಲಾದದ್ದನ್ನು ಹೇಳಿದೆ. ದೊಡ್ಡಮ್ಮ ಬಿಸಿನೀರಿನ ಚೀಲ ಪಕ್ಕಕ್ಕಿಟ್ಟಳು.

"ಹಲಗೇಲಿ ಎಷ್ಟಿತ್ತು?"

"ನಾನೂರ ಹತ್ತು. ಲೆಕ್ಕ ಕೂಡ್ಲಿಲ್ಲ, ಸರಿ ಮಾಡ್ದೆ."

"ಸರಿ ಮಾಡಿದ್ಳಂತೆ, ಮಹಾರಾಯ್ತಿ! ಲೆಕ್ಕ ಚೆನ್ನಾಗಿ ಕಾಣ್ಲಿ ಅಂತ ಮಳೆ ಅಳೆಯೋ ಪಾತ್ರೆಗೆ ಚೊಂಬಲ್ಲಿ ನೀರು ಸುರೀತಾರೇನೇ? ಮೇಲಿನ ಮೂರು ಸಾಲು ರಿಜಿಸ್ಟರ್ ನೋಡಿ ಬರೆದದ್ದು. ಕೊನೇದು ಬೆಳಿಗ್ಗೆ ತಲೆ ಎಣಿಸಿ ಬರೆದದ್ದು. ಆ ಹೆಚ್ಚಿನ ತಲೆ ಯಾರ್ದು?"

"ಇಸ್ತ್ರಿ ಅಕ್ಕನ ಗಂಡಂದಾ?" ಎಂದೆ.

ದೊಡ್ಡಮ್ಮ ಆಗಲೇ ಟೈಪ್ ಮಾಡುತ್ತಿದ್ದಳು: 'ಬೆಳಿಗ್ಗೆ ನಾವು ಹಾಕಿದ ಅಂಕಿ ತಪ್ಪು. ಹಲಗೆಯಲ್ಲಿದ್ದದ್ದು 410. ದಾಖಲೆ ಪ್ರಕಾರ 409. ಒಬ್ಬರು ಹೆಚ್ಚಿದ್ದಾರೆ.'

"ನಮ್ ತಪ್ಪು ಅಂತ ಯಾಕೆ ಸಾರ್ಬೇಕು? ಜನ ನಗ್ತಾರೆ."

"ನಗ್ಲಿ ಬಿಡು. ನಮ್ದು ಒಪ್ಕೊಂಡ್ರೆ ತಾನೇ ಅವರದನ್ನ ಕೇಳೋಕೆ ಮುಖ ಇರೋದು?"

ಉಚಿತ ನೆರವಿನ ವಕೀಲೆಗೆ ಫೋನ್ ಮಾಡಿ, ನನ್ನ ಭುಜಕ್ಕೆ ತನ್ನ ಭಾರವನ್ನೆಲ್ಲ ಹಾಕಿ, ಕುಂಟುತ್ತಲೇ ಗೇಟಿಗೆ ಹೊರಟಳು. ಹಿಂದಿನ ವಾರಗಳ ಪುಟಗಳನ್ನೂ ಮುದ್ರಿಸಿಕೊಂಡಿದ್ದಳು. "ಎಣಿಸುವಾಗ ತಪ್ಪಿರಬಹುದು" ಎಂದ ಜೈಲರ್. "ಮೂರು ವರ್ಷದಲ್ಲಿ ಒಂದು ದಿನಾನೂ ತಪ್ಪಿಲ್ಲ ಸ್ವಾಮಿ, ನಿಮ್ಮವರು ಚೆನ್ನಾಗೇ ಎಣಿಸ್ತಾರೆ" ಎಂದಳು ದೊಡ್ಡಮ್ಮ. ಹೊಗಳಿದವರಿಗೆ ಇಲ್ಲವೆನ್ನುವುದು ಹೇಗೆ? ವಕೀಲೆಯ ಎದುರಿಗೇ ಹೆಸರು ಕೂಗಿಸಿದ.

ಅಕ್ಕನ ಗಂಡ ಸಿಕ್ಕಿದ್ದು ರೋಗಿಗಳ ಕೋಣೆಯಲ್ಲಿ. ಸೋಮವಾರ ಬ್ಯಾರಕ್ಕಿನಲ್ಲಿ ಬಿಡುಗಡೆಯವರ ಹೆಸರು ಕೂಗಿದಾಗ ಅವನ ಉತ್ತರ ಬಂದಿರಲಿಲ್ಲ. ಆಗಲೇ ಹೊರಗೆ ಹೋಗಿರಬೇಕೆಂದು ಬರೆದು ಮುಗಿಸಿದ್ದರು. ಅವನೋ, ಜ್ವರದಲ್ಲಿ ಮಲಗಿದ್ದ.

ಮಧ್ಯಾಹ್ನ ಹೊರಗೆ ಬಂದ. ಜ್ವರ ಇಳಿದಿತ್ತು, ಕಾಲಿನ್ನೂ ನಡುಗುತ್ತಿತ್ತು. ಆಟೋ ಕರೆಯಲೇ ಎಂದೆ.

"ಬೇಡ ಕಣವ್ವ," ಎಂದಳು ಇಸ್ತ್ರಿ ಅಕ್ಕ, ಅವನ ತೋಳನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು. "ನಡ್ಕೊಂಡೇ ಹೋಗ್ತೀವಿ. ಪೇಟೆ ಬೀದೀಲೇ. ನಿಧಾನಕ್ಕೆ."