ಬೋಳಿಸಿದರೆ ಬಿಡುವ ರೋಗವಲ್ಲ

ಆ ಪಟ್ಟಣದಲ್ಲಿ ಯಾರ ತಲೆಯಲ್ಲಿ ಹೊಟ್ಟು, ಯಾರ ತಲೆಯಲ್ಲಿ ಹೇನು ಎನ್ನುವುದೆಲ್ಲ ಲೋರೆಟ್ಟಾಳಿಗೆ ಬಾಯಿಪಾಠ. ಮ್ಯಾನಿಟೋಬ ಪ್ರಾಂತ್ಯದ ಚಳಿಗೆ ಮನೆಯ ನೆಲಮಾಳಿಗೆಯಲ್ಲೇ ಸಲೂನು; ಇಪ್ಪತ್ತೆರಡು ವರ್ಷದ ಕಸುಬು. ಅಂಥವಳ ಮಗಳು, ಹದಿಮೂರರ ಬ್ರಿನ್‌ಳ ನೆತ್ತಿಯಲ್ಲಿ ಅಂಗೈಯಗಲ ಬೋಳು! ಹುಳುಕಡ್ಡಿಯಿರಬೇಕೆಂದು ಮುಲಾಮು ಹಚ್ಚಿದಳು. ಹುಡುಗಿ ತಾನೇ ಕೀಳುತ್ತಾಳೆಂದು ಗೊತ್ತಾದಾಗ ಬೈದಳು, ಕೈಗೆ ಉಣ್ಣೆಯ ಗವುಸು ತೊಡಿಸಿದಳು. ಕೊನೆಗೆ, ಶಾಲೆಯಲ್ಲಿ ಫೋಟೊ ತೆಗೆಯುವ ಹಿಂದಿನ ಸಂಜೆ, ಗಿರಾಕಿಗಳ ಕುರ್ಚಿಯಲ್ಲೇ ಕೂರಿಸಿ ಮಷಿನ್ ಹಾಕಿ ಬೋಳಿಸಿಬಿಟ್ಟಳು.

"ಈಗ ಕೀಳು, ನೋಡೋಣ!"

ಮೂರು ವಾರದ ಮೇಲೆ ಒಂದು ಶನಿವಾರ ಗಿರಾಕಿ ವರ್ನಾ ಬಂದಳು. ಅರವತ್ತು ದಾಟಿದ ಹೆಂಗಸು, ತಲೆಗೆ ವಸ್ತ್ರ ಕಟ್ಟಿಕೊಂಡು, ತೊಳೆಯಲು ವಿಗ್ ತಂದಿದ್ದಳು. ಟವೆಲು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಬ್ರಿನ್‌ಳನ್ನು ನೋಡಿ ಬೆಚ್ಚಿದಳು.

"ಈ ಹುಡುಗಿ ರೆಪ್ಪೆಗೂದಲು ಎಲ್ಲಿ ಹೋಯ್ತೇ?"

"ತಲೇಲಿ ಸಿಗಲಿಲ್ಲವಲ್ಲ, ಈಗ ಅಲ್ಲಿಗೆ ಕೈ ಹಾಕಿದಾಳೆ. ಹಟ, ವರ್ನಾ! ಕ್ಯಾನ್ಸರ್ ಬಂದು ಕೂದಲು ಕಳ್ಕೊಂಡೋರು ನೀವು. ಇವಳು ನೋಡಿ, ಇರೋದನ್ನ ಕಿತ್ತು ಬಿಸಾಕ್ತಾಳೆ. ನಿಮ್ಮನ್ನ ನೋಡಿಯಾದ್ರೂ ಬುದ್ಧಿ ಬರಬಾರ್ದಾ?"

ವರ್ನಾ ನಿಧಾನವಾಗಿ ವಸ್ತ್ರ ಬಿಚ್ಚಿದಳು.

"ನಂಗೆ ಕ್ಯಾನ್ಸರ್ ಇರಲೇ ಇಲ್ಲ ಕಣೇ. ಹನ್ನೊಂದನೇ ವಯಸ್ಸಿಂದ ನಾನೂ ಕಿತ್ತಿದ್ದೇ. ನೀವೆಲ್ಲ ಕ್ಯಾನ್ಸರ್ ಅಂದ್ಕೊಂಡ್ರಿ, ನಾನು ಬಾಯಿ ಮುಚ್ಕೊಂಡೆ. ಚರ್ಚಿನೋರು ಆಲೂಗಡ್ಡೆ ಕ್ಯಾಸರೋಲ್ ಬೇಯಿಸಿ ತಂದು ತಂದು ಕೊಟ್ರು, ತಿಂದು ದಪ್ಪಗಾದೆ. ಕ್ಯಾನ್ಸರಿಗೆ ಊಟ ಬರುತ್ತೆ, ಇದಕ್ಕೆ ಬೈಗುಳ. ನೀನಾಗಿದ್ರೆ ಯಾವುದನ್ನ ಹೇಳ್ಕೋತಿದ್ದೆ?"

ಲೋರೆಟ್ಟಾಳ ಕೈಯಲ್ಲಿದ್ದ ಬ್ರಷ್ ನಿಂತಿತು. ಆದರೂ ಸೋಲೊಪ್ಪಲಿಲ್ಲ. "ಕೈ ಅವಳದೇ ತಾನೇ? ಬೇಕಂತ ಮಾಡೋದಲ್ವಾ?"

"ಕೈ ನಂದೇ, ಹಿಡಿತ ನಂದಲ್ಲ. ಆಸ್ಪತ್ರೆ ದಾಖಲೆ ಕೋಣೇಲಿ ಮೂವತ್ತು ವರ್ಷ ಕಾಯಿಲೆಗಳ ಹೆಸರು ಬರೆದೋಳು ನಾನು. ಇದಕ್ಕೆ ಟ್ರೈಕೊಟಿಲೊಮೇನಿಯಾ ಅಂತಾರೆ. ಮೊದಲು ಮನೋವೈದ್ಯರ ಪುಸ್ತಕದಲ್ಲಿ ಇದನ್ನ ಕದಿಯೋ ಚಟ, ಬೆಂಕಿ ಹಚ್ಚೋ ಚಟದ ಪಕ್ಕ ಕೂರಿಸಿದ್ರು. ನನ್ನ ಕಾಯಿಲೇನ ನನ್ನ ಕೈಯಾರೆ ಕಳ್ಳರ ಸಾಲಿಗೆ ಬರೆದಿದೀನಿ! 2013ರಲ್ಲಿ ತಿದ್ದಿದ್ರು. ಈಗ ಗೀಳಿನ ಕಾಯಿಲೆ ಮತ್ತದರ ನೆಂಟರ ಗುಂಪಲ್ಲಿದೆ. ಚರ್ಮ ಕಿತ್ಕೊಳ್ಳೋ ಕಾಯಿಲೇನೂ ಅಲ್ಲೇ. ಬಿಡಬೇಕು ಅಂತ ಮತ್ತೆ ಮತ್ತೆ ಒದ್ದಾಡಿದ್ರೂ ಬಿಡೋಕಾಗದೆ, ಬದುಕೇ ಕೆಡ್ತಾ ಇದ್ರೆ, ಅದು ಹಟ ಅಲ್ಲ ಲೋರೆಟ್ಟಾ. ರೋಗ."

"ಔಷಧಿ ಇದೆಯಾ?"

"ಮೊದಲು ತರಬೇತಿ. ಕೈ ಯಾವಾಗ ಮೇಲೇಳುತ್ತೆ ಅಂತ ಗುರುತು ಹಿಡಿಯೋದು, ಆಗ ಮುಷ್ಟಿ ಕಟ್ಟಿ ಕೂರೋದು. ಬಲ್ಲೋರು ಕಲಿಸ್ತಾರೆ. ನಮ್ಮಮ್ಮನೂ ಗವುಸು ಹಾಕಿದ್ಲು. ಈ ತರಬೇತಿ ನಂಗೆ ಸಿಗೋ ಹೊತ್ತಿಗೆ ಕೂದಲ ಬೇರೇ ಸತ್ತಿತ್ತು."

ಮೆಟ್ಟಿಲ ಮೇಲಿಂದ ಬ್ರಿನ್ ಕೇಳಿದಳು: "ಕಿತ್ತಾಗ ನಿಮಗೂ ಹಗುರ ಅನ್ನಿಸ್ತಿತ್ತಾ?"

"ಒಂದೇ ಕ್ಷಣ ಮಗಳೇ. ಆಮೇಲೆ ನಾಚಿಕೆ."

"ನಂಗೂ."

ವರ್ಷದಲ್ಲಿ ಮೊದಲ ಸಲ ಹುಡುಗಿ ಈ ಬಗ್ಗೆ ಬಾಯಿ ಬಿಟ್ಟಿದ್ದಳು, ಅದೂ ತಾಯಿಯೊಡನೆ ಅಲ್ಲ.

ಸೋಮವಾರ ಬೆಳಿಗ್ಗೆಯೇ ಲೋರೆಟ್ಟಾ ಮನೋವೈದ್ಯರಿಗೆ ಫೋನು ಮಾಡಿದಳು. ನಾಲ್ಕು ತಿಂಗಳು ಕಾಯಬೇಕೆಂದರು. "ಕಾಯ್ತೀವಿ, ಹೆಸರು ಬರ್ಕೊಳ್ಳಿ" ಎಂದಳು. ಅದೇ ವಾರ ಶಾಲೆಯಿಂದ ಫೋಟೊ ಬಂತು: ಬೋಳು ತಲೆ, ನೆಲ ನೋಡುವ ಕಣ್ಣು. ಲೋರೆಟ್ಟಾ ಅದನ್ನು ಹರಿಯಹೊರಟಳು. ಬ್ರಿನ್ ಕಿತ್ತುಕೊಂಡಳು.

"ಇರಲಿ ಅಮ್ಮ. ಇದು ನಾನು ಕಿತ್ತಿದ್ದಲ್ಲ, ನೀನು ಮಾಡಿದ್ದು."

ಫೋಟೊ ಈಗಲೂ ಸಲೂನಿನ ಕನ್ನಡಿಯ ಅಂಚಿನಲ್ಲಿದೆ. ಲೋರೆಟ್ಟಾ ಅದನ್ನು ತೆಗೆದಿಲ್ಲ.

ಓದುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯ ಮಗುವೂ ಕೂದಲು ಕೀಳುತ್ತಿದ್ದರೆ ಬೈಯಬೇಡಿ, ಕಟ್ಟಬೇಡಿ, ಬೋಳಿಸಬೇಡಿ. ಮನೋವೈದ್ಯರಿಗೆ ತೋರಿಸಿ. ಕಿತ್ತದ್ದನ್ನು ನುಂಗುತ್ತಿದ್ದರಂತೂ ಹೊಟ್ಟೆಯಲ್ಲಿ ಉಂಡೆ ಕಟ್ಟೀತು, ಇವತ್ತೇ ವೈದ್ಯರಲ್ಲಿಗೆ ಹೋಗಿ. ಬೋಳಿಸಿದ ಕೂದಲು ಮತ್ತೆ ಬೆಳೆದೀತು. ಮಗು ನಿಮಗೆ ಹೇಳದೆ ನುಂಗಿಕೊಂಡ ಮಾತು ಮತ್ತೆ ಬರುತ್ತದೆಂಬ ಭರವಸೆಯಿಲ್ಲ.